ಅಪ್ಪನನ್ನು ಒಳಗೆ ಕರೆದ ಸಂಜೆ

ಅಪ್ಪ ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಎದ್ದ ದೊಡ್ಡ ಪ್ರಶ್ನೆ, ಅವರು ಈಗ ಎಲ್ಲಿದ್ದಾರೆ ಎಂಬುದು. ಇದನ್ನು ವೇದಾಂತದ ಪ್ರಶ್ನೆ ಎಂದುಕೊಳ್ಳಬೇಡಿ. ಅಮ್ಮ ಕೇಳುತ್ತಿದ್ದದ್ದು ವಿಳಾಸವನ್ನು.

"ಹೊರಗೆ ಇದ್ದಾರೆ ಪಾಪ, ಬೇರೆ ಎಲ್ಲಿಗೆ ಹೋಗ್ತಾರೆ" ಎಂದು ಉತ್ತರವನ್ನೂ ಅವಳೇ ಹೇಳಿಕೊಳ್ಳುತ್ತಿದ್ದಳು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಎದುರು ಬಾಗಿಲನ್ನು ಅರ್ಧ ತೆರೆದಿಟ್ಟು ಮೆಟ್ಟಿಲ ಮೇಲೆ ಒಂದು ಚೆಂಬು ನೀರು ಇಡುತ್ತಿದ್ದಳು. ನಮ್ಮ ಮನೆ ಇರುವ ಉರ್ವದಲ್ಲಿ ಆ ಹೊತ್ತಿಗೆ ಬಾಗಿಲು ತೆರೆದಿಟ್ಟರೆ ಮೊದಲು ಒಳಗೆ ಬರುವುದು ಸೊಳ್ಳೆ. ನಾನು ಅದನ್ನು ಹೇಳಿ ಬೈಸಿಕೊಂಡೆ.

ನಮ್ಮ ತುಳುವರ ಕ್ರಮದಲ್ಲಿ ಸತ್ತವರು ಸತ್ತ ಕೂಡಲೇ ಹಿರಿಯರಾಗಿಬಿಡುವುದಿಲ್ಲ. ಬೊಜ್ಜ ಎಂದರೆ ಉತ್ತರಕ್ರಿಯೆ. ಅದು ಮುಗಿದ ಮೇಲೆ ಒಂದು ಸಂಜೆ ಅವರ ಕುಟುಂಬದವರು ಅಂಗಳಕ್ಕಿಳಿದು ಅವರನ್ನು ಬಾಯಿಬಿಟ್ಟು ಒಳಗೆ ಕರೆಯಬೇಕು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಉಂಡು ಏಳುವಷ್ಟು ಹೊತ್ತು ಎಲ್ಲರೂ ಹೊರಗೆ ಕಾಯಬೇಕು. ಅಲ್ಲಿಗೆ ಅವರು ಆ ಮನೆಯ ಹಿಂದಿನವರ ಜೊತೆ ಸೇರಿದರು ಎಂದರ್ಥ. ಅಲ್ಲಿಯವರೆಗೆ ಅವರು ಹೊರಗೆ.

ಕಷ್ಟ ಇದ್ದದ್ದು "ಅವರ ಕುಟುಂಬ" ಎಂಬಲ್ಲಿ. ನಮ್ಮಲ್ಲಿ ಬರಿ, ಅಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ನಾನು ಅಮ್ಮನ ಬರಿ, ನನ್ನ ಮಗಳು ನನ್ನ ಬರಿ. ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರು ಒಂದು ಕಡೆ. ಅಕ್ಕಿ ಮುಗಿದರೆ ತರುವ, ಬಲ್ಬು ಹೋದರೆ ಸ್ಟೂಲು ಹತ್ತುವ, ಯಾರಿಗೆ ಜ್ವರ ಬಂದರೂ ನಿದ್ದೆಗೆಡುವ ಅಪ್ಪ ಒಬ್ಬರೇ ಇನ್ನೊಂದು ಕಡೆ. ಮನುಷ್ಯ ಬದುಕಿರುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಸತ್ತ ಮೇಲೆ ಎಲ್ಲರಿಗೂ ನೆನಪಾಗುತ್ತದೆ. ಅಪ್ಪನ ಕುಟುಂಬವೆಂದರೆ ಅವರ ತಾಯಿಯ ಮನೆ, ಜೆಪ್ಪುವಿನ ಹಳೆಯ ಹೆಂಚಿನ ಮನೆ. ಅಲ್ಲಿ ಈಗ ಇರುವುದು ಅಪ್ಪನ ಅಕ್ಕ, ನನ್ನ ಮಾಮಿ. ಅಪ್ಪನನ್ನು ಕರೆಯಬೇಕಾದದ್ದು ಆ ಮನೆಯವರು, ಆ ಮನೆಯ ಒಳಕ್ಕೆ.

ಅಪ್ಪನಾದರೋ ಆ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಮಾತು ಕೊಟ್ಟವರು. ಕೊಟ್ಟದ್ದು ನನಗೋಸ್ಕರ.

ಅದನ್ನು ಹೇಳಬೇಕಾದರೆ ನಾನು ಗಂಡನ ಮನೆ ಬಿಟ್ಟು ಬಂದದ್ದನ್ನೂ ಹೇಳಬೇಕು. ಹೆಚ್ಚು ಹೇಳುವುದಿಲ್ಲ. ಅದು ನನ್ನ ಬೇರೆ ಸಿಟ್ಟು, ಇದರ ಜೊತೆ ಸೇರಿಸಿದರೆ ಎರಡೂ ಕೆಡುತ್ತವೆ. ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಅವಳನ್ನು ಎತ್ತಿಕೊಂಡು ಒಂದು ಮಧ್ಯಾಹ್ನ ಉರ್ವಕ್ಕೆ ಬಂದೆ. ಅಪ್ಪ ಬಲ್ಮಠದಲ್ಲಿ ಕಾಲೇಜೊಂದರ ಎದುರು ಚಿಕ್ಕದೊಂದು ಹೊಟೇಲು ನಡೆಸುತ್ತಿದ್ದರು. ಸುದ್ದಿ ಕೇಳಿ ಹೊಟೇಲು ಬಿಟ್ಟು ಬಂದವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ರಿಕ್ಷಾ ಮಾಡಿಕೊಂಡು ಸೀದಾ ನನ್ನ ಗಂಡನ ಮನೆಗೆ ಹೋಗಿ, ತಾವೇ ಮಾಡಿಸಿಕೊಟ್ಟಿದ್ದ ತೊಟ್ಟಿಲನ್ನು ಬಿಚ್ಚಿ ತಂದರು. ತೊಟ್ಟಿಲ ಕಾಲುಗಳು ರಿಕ್ಷಾದ ಎರಡೂ ಬದಿಯಿಂದ ಹೊರಗೆ ಚಾಚಿದ್ದವು. ಅದನ್ನು ಜೋಡಿಸಿ ಮಗುವನ್ನು ಮಲಗಿಸುವವರೆಗೆ ಅವರು ಕೂತುಕೊಳ್ಳಲಿಲ್ಲ. "ಇನ್ನು ಮಲಗಲಿ ಮಗು. ಮಾತು ನಾಳೆ ಆಡುವ" ಎಂದರು. ಆ ನಾಳೆ ಬರಲೇ ಇಲ್ಲ, ನನಗೂ ಬೇಕಿರಲಿಲ್ಲ.

ಅದೇ ವರ್ಷ ಮಾಮಿಯ ಮಗಳ ಮದುವೆ ನಿಶ್ಚಯವಾಯಿತು. ಮಾಮಿ ಮದುವೆ ಹೇಳಲು ನಮ್ಮಲ್ಲಿಗೆ ಬಂದರು. ಹೇಳಿಕೆ, ಅಂದರೆ ಮನೆಗೆ ಬಂದು ಮುಖ ನೋಡಿ ಕರೆಯುವುದು, ನಮ್ಮ ಕಡೆ ದೊಡ್ಡ ವಿಷಯ. ಕಾರ್ಡು ಕೊಟ್ಟರೆ ಸಾಲದು. ವಾಟ್ಸಾಪಿನಲ್ಲಿ ಹಾಕಿ ಸುಮ್ಮನಾದರಂತೂ ಅದೊಂದು ತಲೆಮಾರು ಆಡಿಕೊಳ್ಳುವಷ್ಟು ಅಪರಾಧ. ನಾನು ಅಡುಗೆಮನೆಯಲ್ಲಿ ಚಾ ಮಾಡುತ್ತಿದ್ದೆ. ಎದುರಿನ ಚಾವಡಿಯಿಂದ ಮಾಮಿಯ ಮಾತು ಕೇಳಿಸಿತು.

"ನೀವಿಬ್ಬರೂ ಮುಂಚಿನ ದಿನವೇ ಬಂದುಬಿಡಿ. ಮಗಳು ಮಾತ್ರ ಮನೆಯಲ್ಲೇ ಇರ್ಲಿ ಮಾರಾಯ. ಹುಡುಗನ ಕಡೆಯವರು ಅವಳ ಗಂಡನಿಗೆ ಸಂಬಂಧ ಆಗ್ಬೇಕು. ಜನ ನಾಲ್ಕು ಮಾತಾಡ್ತಾರೆ. ಶುಭಕಾರ್ಯ ಅಲ್ವಾ?"

ಹೊಟೇಲಿನಲ್ಲಿ ದಿನವಿಡೀ ಕೂಗಾಡುವ ಅಪ್ಪ ಸಿಟ್ಟು ಬಂದಾಗ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. "ಅಕ್ಕ, ನನ್ನ ಮಗಳಿಗೆ ಹೇಳಿಕೆ ಇಲ್ಲದ ಮನೆಗೆ ನಾನೂ ಇಲ್ಲ. ನೀನು ಅವಳ ಮುಖ ನೋಡಿ ಬಾ ಅಂತ ಹೇಳುವವರೆಗೆ ನಾನು ಆ ಹೊಸ್ತಿಲು ದಾಟುವುದಿಲ್ಲ" ಎಂದರು.

ಮಾಮಿ ಚಾ ಕುಡಿಯದೆ ಎದ್ದರು. ತಮ್ಮನ ಸಿಟ್ಟು ಮದುವೆಯ ಹೊತ್ತಿಗೆ ಇಳಿಯುತ್ತದೆ ಎಂದು ಅವರು ತಿಳಿದಿರಬೇಕು. ಇಳಿಯಲಿಲ್ಲ. ನಮ್ಮ ಮದುವೆಗಳಲ್ಲಿ ಸೋದರಮಾವ ಎಂದರೆ ಊಟ ಮಾಡಿ ಕವರು ಕೊಟ್ಟು ಹೋಗುವ ನೆಂಟನಲ್ಲ. ಹುಡುಗಿಯನ್ನು ಮಂಟಪಕ್ಕೆ ಕರೆತರುವುದರಿಂದ ಧಾರೆಯವರೆಗೆ ಅವನು ಬೇಕು. ಆ ದಿನ ಮಾಮಿಯ ಮಗಳನ್ನು ಕರೆತಂದದ್ದು ಯಾವುದೋ ದೂರದ ಅಣ್ಣ. ಅಪ್ಪ ಉರ್ವದ ಮನೆಯಲ್ಲಿ, ತೊಟ್ಟಿಲ ಹಗ್ಗ ಹಿಡಿದುಕೊಂಡು, ಪೇಪರನ್ನು ಓದದೆ ಹಿಡಿದು ಕೂತಿದ್ದರು. ಅಮ್ಮ ಮೂಲೆಯಲ್ಲಿ ಅತ್ತಳು. ನನಗೆ ಹೆಮ್ಮೆಯಾಯಿತು, ಹೆದರಿಕೆಯೂ ಆಯಿತು. ನನಗಾಗಿ ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಟ್ಟಡ ಕೆಡವುತ್ತಾರೆಂದು ಹೊಟೇಲು ಮುಚ್ಚಿದ ಮೇಲೆ ಅಪ್ಪನಿಗೆ ಅಜ್ಜನ ಕೆಲಸವೇ ಪೂರ್ಣಾವಧಿ ಕೆಲಸವಾಯಿತು. ನಾನು ಬೆಳಿಗ್ಗೆ ಆಫೀಸಿಗೆ ಓಡುವವಳು. ಮಗಳ ತಲೆ ಬಾಚುವುದನ್ನು ಅಪ್ಪ ಕಲಿತರು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. "ಇವತ್ತು ಅಜ್ಜ ಬಾಚಿದ್ದಾ?" ಎಂದು ಟೀಚರು ಕೇಳಿದರೆ ಮಗಳು ಹೌದೆಂದು ಜಂಬದಿಂದ ಹೇಳುತ್ತಿದ್ದಳಂತೆ. ಮೀನಿನ ಮುಳ್ಳು ಬಿಡಿಸಿಕೊಡುವುದು ಅವರು, ಪುಸ್ತಕಕ್ಕೆ ಬೈಂಡು ಹಾಕುವುದು ಅವರು, ಗಣಿತ ತಪ್ಪು ಹೇಳಿಕೊಡುವುದೂ ಅವರು. ತಪ್ಪೆಂದು ನಾನು ತೋರಿಸಿದರೆ "ನಮ್ಮ ಕಾಲದಲ್ಲಿ ಹೀಗೇ ಇತ್ತು" ಎನ್ನುತ್ತಿದ್ದರು, ಅವರ ಕಾಲದಲ್ಲಿ ಏಳು ಎಂಟಲಿ ಐವತ್ನಾಲ್ಕು ಆಗುತ್ತಿತ್ತು ಎಂಬ ಹಾಗೆ.

ಒಂದು ವರ್ಷ ಶಾಲೆಯ ಕ್ರೀಡಾಕೂಟದಲ್ಲಿ ಅಪ್ಪಂದಿರಿಗೆ ಓಟದ ಸ್ಪರ್ಧೆ ಇಟ್ಟಿದ್ದರು. ಮಗಳು ಮನೆಯಲ್ಲಿ ಆ ವಿಷಯವನ್ನೇ ಎತ್ತಿರಲಿಲ್ಲ. ಮೈಕಿನಲ್ಲಿ ಕರೆದಾಗ ಅವಳು ಶೂ ಲೇಸು ಕಟ್ಟಿಕೊಳ್ಳುವ ನೆವದಲ್ಲಿ ತಲೆ ಬಗ್ಗಿಸಿದ್ದನ್ನು ನಾನು ನೋಡಿದೆ. ನಾನು ಏನು ಮಾಡಬೇಕೆಂದು ತೋಚದೆ ನಿಂತಿರುವಾಗ ಅಪ್ಪ ಪಂಚೆ ಎತ್ತಿ ಕಟ್ಟಿ ಮೈದಾನಕ್ಕೆ ಇಳಿದಾಗಿತ್ತು. ಜೀನ್ಸ್ ಹಾಕಿದ ಹುಡುಗರಂಥ ಅಪ್ಪಂದಿರ ನಡುವೆ ಓಡಿ ಎಲ್ಲರಿಗಿಂತ ಹಿಂದೆ ಬಂದರು. ಬಂದು ಬಹುಮಾನಕ್ಕಾಗಿ ಜಗಳ ಬೇರೆ ಮಾಡಿದರು. "ಎಂತ ಮಾರಾಯ್ರೆ, ಪ್ರಾಯ ನೋಡಿ ಕೊಡ್ಬೇಕಲ್ವಾ?" ಮೇಷ್ಟ್ರು ನಗುತ್ತಾ ಒಂದು ಪೆನ್ನು ಕೊಟ್ಟರು. ಮಗಳ ಮುಖ ಆಗ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ನಾನು ಶೌಚಾಲಯಕ್ಕೆ ಹೋಗಿ ಅತ್ತು ಬಂದೆ.

ಇಂಥ ಮನುಷ್ಯ ಈ ಬೇಸಿಗೆಯಲ್ಲಿ, ಶಾಲೆಗೆ ರಜೆ ಇದ್ದಾಗ, ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಸಾವಿಗೆ ಹೇಳಿಕೆ ಬೇಕಾಗುವುದಿಲ್ಲ. ಮಾಮಿ ಬಂದರು. ಅಪ್ಪನ ತಲೆಯ ಹತ್ತಿರ ಕೂತು ಅವರ ಹಣೆಯ ಮೇಲೆ ಕೈಯಿಟ್ಟವರು, ಅಪ್ಪನನ್ನು ಎತ್ತುವವರೆಗೆ ತೆಗೆಯಲಿಲ್ಲ. ನಾನು ಮತ್ತು ಅವರು ಮಾತಾಡಲಿಲ್ಲ. ಬೊಜ್ಜ ಉರ್ವದಲ್ಲೇ ಆಯಿತು. ಮಾಮಿಯ ಮಗ, ನನಗೆ ಬಾವ, ದುಬೈಯಲ್ಲಿದ್ದಾರೆ. ಅವರಿಗೆ ಆಗ ರಜೆ ಸಿಗಲಿಲ್ಲ. ಒಳಗೆ ಕರೆಯುವ ಕಾರ್ಯ ಹಾಗೇ ಉಳಿಯಿತು. ಅಮ್ಮನ ಚೆಂಬು ಮೆಟ್ಟಿಲಿಗೆ ಬಂದದ್ದು ಆಗ.

ಆಟಿ ತಿಂಗಳು ಬಂತು. ಮಳೆ ಬಿಡದೆ ಹೊಯ್ಯುವ, ಸತ್ತವರಿಗೆ ಬಡಿಸುವ ತಿಂಗಳು. ಒಂದು ಆದಿತ್ಯವಾರ ಮಾಮಿ ರಿಕ್ಷಾದಿಂದ ಇಳಿದರು, ಜೊತೆಗೆ ರಜೆಯಲ್ಲಿ ಬಂದಿದ್ದ ಬಾವ. ಅದೇ ಚಾವಡಿ. ಮಾಮಿ ತುಂಬ ಇಳಿದುಹೋಗಿದ್ದರು, ಮೆಟ್ಟಿಲು ಹತ್ತಲು ಮಗನ ಭುಜ ಬೇಕಾಯಿತು. ಅಮ್ಮನ ಕಡೆ ತಿರುಗಿ ಹೇಳಿದರು: "ಇವನಿಗೆ ರಜೆ ಮುಗಿಯುವ ಮೊದಲು ಅವನನ್ನು ಒಳಗೆ ಕರೆಯುವ. ಬರುವ ಶುಕ್ರವಾರ. ನೀವೆಲ್ಲ ಬನ್ನಿ."

ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬಾಯಿ ನನ್ನ ಮಾತು ಕೇಳುವ ಜಾತಿಯದ್ದಲ್ಲ. "ಬದುಕಿರುವಾಗ ಕರೆಯದವರು ಈಗ ಕರೆಯುವುದು ಎಂತಕ್ಕೆ ಮಾಮಿ?" ಎಂದೆ.

"ಬದುಕಿರುವಾಗ ಕರೆಯಲಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಮಾಮಿಯ ದನಿ ಅಪ್ಪನದರಂತೆಯೇ ಮೆಲ್ಲಗಾಯಿತು. "ಶನಿವಾರ ಶನಿವಾರ ಬರ್ತಿದ್ದ. ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹಾಕ್ತಿದ್ದ. ಬಂಗುಡೆ ಮೀನು ತಂದು ಗೇಟಿನ ಮೇಲಿಂದ ಕೊಡ್ತಿದ್ದ. ಬಿಸಿಲಲ್ಲಿ ನಿಲ್ಬೇಡ, ಒಳಗೆ ಬಾ ಅಂತ ಪ್ರತಿ ಸಲ ಹೇಳಿದ್ದೇನೆ. ಮೊದಲು ನನ್ನ ಮಗಳಿಗೆ ಹೇಳು, ಆಮೇಲೆ ಬರ್ತೇನೆ ಅಂತಿದ್ದ."

ನಾನು ಅಮ್ಮನನ್ನು ನೋಡಿದೆ. ಅಮ್ಮನಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖವೇ ಹೇಳಿತು. ಆಗ ಮೂಲೆಯಿಂದ ಮಗಳು ಹೇಳಿದಳು, "ಹೌದಮ್ಮ. ನಾನೂ ಇರ್ತಿದ್ದೆ. ಶಾಲೆ ಬಿಟ್ಟ ಮೇಲೆ ಹೋಗ್ತಿದ್ದದ್ದು. ಅಜ್ಜ ಗೇಟಿನ ಹೊರಗೆ, ಜೆಪ್ಪು ಅಜ್ಜಿ ಗೇಟಿನ ಒಳಗೆ. ನಿನಗೆ ಬೇಜಾರಾಗ್ತದೆ, ಹೇಳ್ಬೇಡ ಅಂದ್ರು."

ಶನಿವಾರ ಅರ್ಧ ದಿನದ ಶಾಲೆ ಬಿಟ್ಟರೂ ಇವರು ಮನೆಗೆ ಬರುವಾಗ ಊಟದ ಹೊತ್ತು ಮೀರಿರುತ್ತಿತ್ತು. ಕೇಳಿದರೆ ಕಂಕನಾಡಿಯಲ್ಲಿ ಟ್ರಾಫಿಕ್ಕು ಎನ್ನುತ್ತಿದ್ದರು. ಶಾಲೆಯಿಂದ ಉರ್ವಕ್ಕೆ ಬರುವ ದಾರಿಯಲ್ಲಿ ಜೆಪ್ಪುವಿನ ಕಡೆಯ ಕಂಕನಾಡಿ ಎಲ್ಲಿಂದ ಬಂತು ಎಂದು ನಾನು ಒಂದು ಸಲವೂ ಯೋಚಿಸಿದವಳಲ್ಲ.

"ಹಾಗಾದರೆ ನನಗೆ ಯಾಕೆ ಹೇಳಲಿಲ್ಲ?" ಎಂದು ಮಾಮಿಯನ್ನು ಕೇಳಿದೆ. ಬಾಯಿಂದ ಬಂದಾಗ ಅದು ಜಗಳದ ಮಾತಿನಂತೆ ಇರಲಿಲ್ಲ.

"ಅವನಿಗೆ ಅಷ್ಟು ಹಟ ಇದ್ರೆ ನನಗೂ ಉಂಟಲ್ಲ? ನನ್ನ ಮಗಳ ಧಾರೆಗೆ ಸೋದರಮಾವ ಎಲ್ಲಿ ಅಂತ ಹಾಲ್ ಇಡೀ ಕೇಳಿದೆ. ಒಬ್ಬೊಬ್ಬರಿಗೂ ಮೈಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿದ್ದೇನೆ. ಅವನು ಒಂದು ಸಲ ಮೆಟ್ಟಿಲು ಹತ್ತಲಿ, ಆಮೇಲೆ ನಾನು ಉರ್ವಕ್ಕೆ ಹೋಗಿ ಹೇಳುವ ಅಂತ ನಾನು. ನಾನು ಮೊದಲು ಹೇಳಲಿ ಅಂತ ಅವನು." ಅಷ್ಟು ಹೇಳಿ ಮಾಮಿ ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಮಗೆ ತುಂಬ ಸಮಯ ಉಂಟು ಅಂತ ಗ್ರಹಿಸಿದ್ದು."

ಅವರು ಹೋದ ಮೇಲೆ ನನಗೆ ಬಂದದ್ದು ದುಃಖವಲ್ಲ, ಕೋಪ. ಅದೂ ಅಪ್ಪನ ಮೇಲೆ. ಅವರ ಪರವಾಗಿ ನಾನು ಇಷ್ಟು ವರ್ಷ ಜೆಪ್ಪುವಿನ ಹೆಸರೆತ್ತಿದರೆ ಉರಿಯುತ್ತಿದ್ದೆ. ಆ ದಾರಿಯ ಬಸ್ಸು ಕೂಡ ಹತ್ತುತ್ತಿರಲಿಲ್ಲ. ಇವರು ನೋಡಿದರೆ ವಾರ ವಾರ ಹೋಗಿ ಗೇಟಿನ ಮೇಲಿಂದ ಬಂಗುಡೆ ಕೊಟ್ಟು ಬರುತ್ತಿದ್ದರು! ಪಾತ್ರೆ ತೊಳೆಯುವಾಗ ಅಪ್ಪನಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಬೈದು ಮುಗಿಸಿದಾಗ ಕಣ್ಣಿಗೆ ಬಂದದ್ದು ಮಾತ್ರ ಬೇರೆಯೇ. ತಾನು ಹುಟ್ಟಿ ಬೆಳೆದ ಮನೆಯ ಗೇಟಿನ ಹೊರಗೆ, ಮಧ್ಯಾಹ್ನದ ಬಿಸಿಲಿನಲ್ಲಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ನಿಂತ ಮುದುಕ. ಒಳಗೆ ಫ್ಯಾನು ತಿರುಗುತ್ತಿರುತ್ತದೆ. ಒಂದು ಲೋಟ ನೀರು ಕುಡಿಯಲೂ ಅವರು ಒಳಗೆ ಹೋಗಲಿಲ್ಲ. ಮಾತು ಉಳಿಸಿಕೊಂಡರು, ಅಕ್ಕನನ್ನೂ ಉಳಿಸಿಕೊಂಡರು, ನನಗೆ ನೋವಾಗದ ಹಾಗೆಯೂ ನೋಡಿಕೊಂಡರು. ಕಾಲು ನೋಯಿಸಿಕೊಂಡು ನಿಂತದ್ದು ಅವರೊಬ್ಬರೇ.

ಆದರೂ ನಾನು ಹಟ ಬಿಡಲಿಲ್ಲ. "ಅವರು ಇಲ್ಲೇ ಇರಲಿ, ನಾವೇ ಕರೆದು ಬಡಿಸುವ" ಎಂದೆ ಅಮ್ಮನಿಗೆ.

"ನಿನಗೆ ತಲೆ ಸಮ ಉಂಟಾ?" ಎಂದಳು ಅಮ್ಮ. "ಇಲ್ಲಿ ಇರುವುದು ನನ್ನ ಕಡೆಯ ಹಿರಿಯರು. ಅವರಲ್ಲಿ ನಿನ್ನ ಅಪ್ಪನಿಗೆ ಯಾರ ಪರಿಚಯ ಉಂಟು? ನನ್ನ ಅಮ್ಮನ ಎದುರು ಅವರು ಬದುಕಿರುವಾಗಲೇ ಕೂತುಕೊಳ್ತಿರಲಿಲ್ಲ. ಇನ್ನು ಸತ್ತ ಮೇಲೆ ಅಲ್ಲಿಯೂ ನಿಂತೇ ಇರ್ಬೇಕಾ?"

ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅವಳು ಹೇಳಿದ್ದು ನಿಜ. ನಾನು ಇದನ್ನೆಲ್ಲ ನಂಬುವವಳೇ ಎಂದು ಯಾರಾದರೂ ಆಫೀಸಿನಲ್ಲಿ ಕೇಳಿದರೆ ಇಲ್ಲವೆಂದೇ ಹೇಳುತ್ತಿದ್ದೆ. ಆದರೆ ಅಪ್ಪ ಒಬ್ಬರೇ ಎಲ್ಲೋ ನಿಂತಿದ್ದಾರೆ ಎಂಬ ಮಾತನ್ನು ನಂಬದೆ ಇರುವುದಕ್ಕೂ ಧೈರ್ಯ ಬೇಕು, ಅಷ್ಟು ನನ್ನಲ್ಲಿಲ್ಲ. ಅದೇ ವಾರ ಶಾಲೆಗೆ ಹೊರಡುವಾಗ ಮಗಳು ರೈನ್‌ಕೋಟು ಹಾಕಿಕೊಳ್ಳುತ್ತಾ ಕೇಳಿದಳು, "ಅಮ್ಮ, ಅಜ್ಜ ಹೊರಗೆ ಇದ್ದಾರಂತೆ ಅಲ್ವಾ. ಈ ಮಳೆಯಲ್ಲಿ ಚಂಡಿ ಆಗ್ತಾರಾ?" ನಾನು ಇಲ್ಲ, ನೆನೆಯುವುದಿಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ನನಗೂ ಬರಲಿಲ್ಲ. ಶುಕ್ರವಾರ ಆಫೀಸಿಗೆ ರಜೆ ಹಾಕಿದೆ.

ಹೋಗುವುದು, ಆದರೆ ಒಳಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಿದ್ದೆ. "ನೀವೆಲ್ಲ ಬನ್ನಿ" ಎಂಬುದು ಅಮ್ಮನಿಗೆ ಹೇಳಿದ್ದು. ಅಪ್ಪ ಕೇಳಿದ್ದು ಅದಲ್ಲ. ಮುಖ ನೋಡಿ ಹೇಳಬೇಕು ಎಂದಿದ್ದರು ಅವರು, ಆ ಮಾತಿನ ತೂಕ ಕಡಿಮೆ ಮಾಡಲು ನಾನು ಯಾರು?

ಜೆಪ್ಪುವಿನ ಮನೆಯ ಒಳಗೆ ಮಧ್ಯಾಹ್ನದಿಂದಲೇ ಅಡುಗೆ. ಕೋಳಿ ಸಾರು, ಒಣರೊಟ್ಟಿ, ಬಂಗುಡೆ ಪುಳಿಮುಂಚಿಯ ಪರಿಮಳ ಅಂಗಳಕ್ಕೆ ಬರುತ್ತಿತ್ತು. ಅಮ್ಮ ಒಳಗೆ ಹೋಗಿ ಕೈಜೋಡಿಸಿದಳು. ಮಗಳು ಗೇಟು ದಾಟಿದ್ದೇ ತಡ, ಎಷ್ಟೋ ಸಲ ಹೊರಗಿನಿಂದ ನೋಡಿದ ಮನೆಯನ್ನು ಈಗ ಒಳಗಿನಿಂದ ನೋಡುವ ಉತ್ಸಾಹದಲ್ಲಿ ಓಡಿದಳು. ನಾನು ಅಂಗಳದಲ್ಲೇ, ಮಾಡಿನ ಅಂಚಿನಲ್ಲಿ ಕೊಡೆ ಹಿಡಿದು ನಿಂತೆ. ಬಾವ ಒಂದು ಕುರ್ಚಿ ತಂದುಕೊಟ್ಟು, ನನ್ನ ಮುಖ ನೋಡಿ ಒಳಗೆ ಹೋದರು. ಕುರ್ಚಿಯಲ್ಲಿ ನಾನು ಕೂರಲಿಲ್ಲ.

ಕತ್ತಲಾಗುವ ಹೊತ್ತಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿದರು. ಚಾ ಕೂಡ ಇಟ್ಟರು. ಊಟದ ಜೊತೆ ಚಾ ಕುಡಿಯುವ ಮನುಷ್ಯನನ್ನು ನಾನು ಅಪ್ಪನನ್ನು ಬಿಟ್ಟರೆ ಬೇರೆ ನೋಡಿಲ್ಲ, ಅವರ ಅಕ್ಕನಿಗೆ ಅದೂ ನೆನಪಿತ್ತು. ಮಾಮಿ ದೀಪ ಹಿಡಿದು ಹೊಸ್ತಿಲ ಒಳಗೆ ನಿಂತರು. ಬಾವ ಚೆಂಬು ಹಿಡಿದು ಅಂಗಳಕ್ಕೆ ಇಳಿದು, ಗೇಟಿನ ಕಡೆ ಮುಖ ಮಾಡಿ ಕರೆದರು.

"ಮಾವಾ, ಒಳಗೆ ಬನ್ನಿ."

ಮೆಟ್ಟಿಲಿಗೆ ನೀರು ಬಿಟ್ಟು ಮತ್ತೊಮ್ಮೆ ಕರೆದರು. ದುಬೈಯ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವ ಮನುಷ್ಯನ ದನಿ ನಡುಗುತ್ತಿತ್ತು. ಮಳೆ ಹೆಂಚಿನಿಂದ ಸುರಿಯುತ್ತಿತ್ತು. ಕ್ರಮದ ಪ್ರಕಾರ ಈಗ ಎಲ್ಲರೂ ಬದಿಗೆ ಸರಿದು ದಾರಿ ಬಿಡಬೇಕಿತ್ತು, ಅವರು ಒಳಗೆ ಹೋದರೆಂದು ತಿಳಿದು ಬಾಗಿಲು ಎಳೆಯಬೇಕಿತ್ತು. ಯಾರೂ ಅಲುಗಲಿಲ್ಲ. ಅಲ್ಲಿದ್ದ ಎಲ್ಲರಿಗೂ ಒಂದೇ ವಿಷಯ ತಲೆಗೆ ಬಂದಿರಬೇಕು. ಅಪ್ಪನನ್ನು ಗೊತ್ತಿದ್ದವರಿಗೆ ಅವರು ಬಂದಿಲ್ಲವೆಂದು ಹೇಳಿಕೊಡಬೇಕಾಗಿರಲಿಲ್ಲ.

ಮಾಮಿ ದೀಪವನ್ನು ಅಮ್ಮನ ಕೈಗೆ ಕೊಟ್ಟರು. ಮೆಟ್ಟಿಲು ಇಳಿದರು, ಒಂದೊಂದಕ್ಕೂ ಎರಡೂ ಪಾದ ಇಟ್ಟುಕೊಂಡು. ಬಾವ ಹಿಡಿಯಲು ಹೋದರೆ ಕೈ ಕೊಡವಿದರು. ಕೊಡೆಯೂ ಇಲ್ಲದೆ ನನ್ನ ಹತ್ತಿರ ಬಂದು ನಿಂತು, ನನ್ನ ಮುಖ ನೋಡಿದರು.

"ಮಗಾ, ಒಳಗೆ ಬಾ" ಎಂದರು. "ನೀನು ಬಾರದೆ ಅವನು ಬರುವುದಿಲ್ಲ. ನನಗೆ ಗೊತ್ತುಂಟು."

ಇದಕ್ಕಾಗಿ ಅಪ್ಪ ಕಾದದ್ದು. ಇದನ್ನು ಕೇಳಿದರೆ ನನಗೆ ಸಮಾಧಾನವಾಗುತ್ತದೆ ಎಂದು ನಾನೂ ತಿಳಿದಿದ್ದೆ. ಆಗಲಿಲ್ಲ. ಅವರು ಕರೆದದ್ದು ನನ್ನನ್ನಲ್ಲ, ನನ್ನ ಮೂಲಕ ತಮ್ಮನನ್ನು. ಈ ಮಾತನ್ನು ಬೇಸಿಗೆಯ ಮೊದಲು ಆಡಿದ್ದರೆ ಆ ಮನುಷ್ಯ ಹೆಲ್ಮೆಟ್ಟು ಗೇಟಿಗೆ ಸಿಕ್ಕಿಸಿ ಓಡಿಬರುತ್ತಿದ್ದರು. ಇದನ್ನೆಲ್ಲ ಅಂದುಬಿಡಬೇಕೆಂದು ಬಾಯಿ ತೆರೆದೆ. ಮಾಮಿ ಪೂರಾ ನೆನೆದಿದ್ದರು. ಅವರ ಗಲ್ಲದಿಂದ ನೀರು ಇಳಿಯುತ್ತಿತ್ತು. ಅಪ್ಪನದೇ ಗಲ್ಲ ಅದು, ನಡುವೆ ಸ್ವಲ್ಪ ತಗ್ಗು ಇರುವುದು. ನಾನು ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದೆ.

ಮೆಟ್ಟಿಲು ಹತ್ತಿದೆವು. ಹೊಸ್ತಿಲ ಹತ್ತಿರ ನಾನು ದೊಡ್ಡವರಿಗೆ ದಾರಿ ಬಿಡುವ ಅಭ್ಯಾಸದಿಂದ ಬದಿಗೆ ಸರಿದು ನಿಂತೆ. "ನೀವು ಮೊದಲು ಹೋಗಿ ಅಪ್ಪ" ಎಂದೆ, ಗಟ್ಟಿಯಾಗಿಯೇ. ಹೇಳಿದ ಮೇಲೆ ಅದು ಎಂಥ ಮೂರ್ಖತನದ ಮಾತೆಂದು ಹೊಳೆಯಿತು. ನನ್ನನ್ನು ಹೊರಗೆ ಬಿಟ್ಟು ಅವರು ಯಾವಾಗ ಒಳಗೆ ಹೋಗಿದ್ದಾರೆ? ನಾನೇ ಮೊದಲು ಕಾಲಿಟ್ಟೆ. ಸೀದಾ ಒಳಕೋಣೆಯವರೆಗೆ ನಡೆದೆ. ಎಲೆಯ ಮುಂದಿದ್ದ ಮಣೆಯನ್ನು, ಅವರಿಗೆ ಕೂರಲು ಅನುಕೂಲವಾಗುವಂತೆ, ಸ್ವಲ್ಪ ಗೋಡೆಯ ಕಡೆಗೆ ಎಳೆದೆ. ಅವರ ಮಂಡಿ ನೋಯುತ್ತಿತ್ತು, ಒರಗಲು ಗೋಡೆ ಬೇಕಿತ್ತು.

"ಕೂತುಕೊಳ್ಳಿ" ಎಂದೆ.

ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದೆವು. ಚಾವಡಿಯಲ್ಲಿ ಸಾಲಾಗಿ ಕೂತೆವು. ಮಗಳು ನನ್ನ ತೊಡೆಗೆ ಒರಗಿದ್ದಳು. ಮಾಮಿ ನನ್ನ ಪಕ್ಕದಲ್ಲೇ ಇದ್ದರು, ಅವರ ಒದ್ದೆ ಸೀರೆ ನನ್ನ ಕೈಗೆ ತಾಗುತ್ತಿತ್ತು. ನಾನು ಕ್ಷಮಿಸಿರಲಿಲ್ಲ. ಈಗಲೂ ಪೂರಾ ಕ್ಷಮಿಸಿದ್ದೇನೆಂದು ಹೇಳಲಾರೆ. ಬಾವ ಬಾಗಿಲು ಮೆಲ್ಲಗೆ ತಟ್ಟಿ ತೆರೆದ ಮೇಲೆ ಅದೇ ಕೋಣೆಯ ಆಚೆ ಎಲ್ಲರಿಗೂ ಊಟ. ಮಾಮಿ ನನ್ನ ಎಲೆಗೆ ಎರಡು ಬಂಗುಡೆ ಬಡಿಸಿದರು, ನಾನು ತಿಂದೆ.

ಹೊರಡುವಾಗ ಅಮ್ಮನ ಮುಖದಲ್ಲಿ ಎಷ್ಟೋ ತಿಂಗಳ ನಂತರ ನೆಮ್ಮದಿ ಇತ್ತು. ಬಾವ ರಿಕ್ಷಾ ತಂದರು. ಅಮ್ಮ ಹತ್ತಿದಳು, ಮಗಳು ಹತ್ತಿದಳು. ನಾನು ಮಾತ್ರ ಗೇಟಿನ ಹತ್ತಿರ ನಿಂತುಬಿಟ್ಟೆ. ಎಲ್ಲಿಗೆ ಹೊರಟರೂ ಹಿಂದಿನಿಂದ ಅಪ್ಪ ಚಪ್ಪಲಿ ಹುಡುಕುತ್ತಾ ತಡಮಾಡಿ ಬರುವುದನ್ನು ಕಾಯುವುದು ನನಗೆ ರೂಢಿ. ಆಗ ಮಗಳು ರಿಕ್ಷಾದೊಳಗಿನಿಂದ ತಲೆ ಹಾಕಿ, "ಅಜ್ಜ ಇನ್ನು ನಮ್ಮ ಮನೆಗೆ ಬರುವುದಿಲ್ವಾ ಅಮ್ಮ?" ಎಂದಳು.

ಅವರನ್ನು ಯಾರಿಗೂ ಬಿಟ್ಟುಕೊಡಬಾರದೆಂದು ಇಷ್ಟು ದಿನ ಜಗಳ ಮಾಡಿದವಳು ನಾನು. ಕೊನೆಗೆ ಕರೆದುಕೊಂಡು ಹೋಗಿ, ಕೂರಿಸಿ, ಬಿಟ್ಟು ಬಂದವಳೂ ನಾನೇ.